ಹಸುರು ವಸ್ತ್ರದ ಕಾಲ

‘ಲೂಥರನ್’ ಎಂಬ ಮಾತು ಕನ್ನಡದ ವಿದ್ಯಾರ್ಥಿಗಳಿಗೆ ತೀರ ಅಪರಿಚಿತವಾದುದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಮಹಾಕೋಶದ ಕರ್ತೃ ಫರ್ಡಿನೆಂಡ್ ಕಿಟ್ಟೆಲ್ ಉತ್ತರ ಜರ್ಮನಿಯ ಲೂಥರನ್ ಪಾದ್ರಿಯೊಬ್ಬರ ಮಗ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದುದೂ ಲೂಥರನ್ ಸಂಪ್ರದಾಯ ಬೇರೂರಿದ್ದ ವುರ್ಟೆಂಬರ್ಗ್ ಸೀಮೆಯಲ್ಲಿ. ಕಿಟ್ಟೆಲರ ಕೋಶವನ್ನು ಮೇಜಿನ ಮೇಲಿಟ್ಟುಕೊಂಡು ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಮಾತು ಗ್ರಂಥಕರ್ತನೊಬ್ಬನ ಹೆಸರಿಗೆ ಅಂಟಿಕೊಂಡ ವಿಶೇಷಣವಾಗಿತ್ತೇ ಹೊರತು, ಉಸಿರಾಡುವ ಜನರನ್ನು ಅದು ಎಂದೂ ನೆನಪಿಗೆ ತಂದುದಿಲ್ಲ. ಆ ಜನ ನನ್ನ ಕಣ್ಣಿಗೆ ಬಿದ್ದುದು 2023ರ ಬೇಸಗೆಯಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ದಕ್ಷಿಣ ಭಾಗದ ಒಂದು ಸಣ್ಣ ಊರಿನಲ್ಲಿ, ಮಗಳ ಮನೆಯಲ್ಲಿ ನಾನು ಮೂರು ತಿಂಗಳು ಕಳೆದಾಗ.

ನಮ್ಮಲ್ಲಿ ಬೇಸಗೆಯೆಂದರೆ ಬಳಲಿಕೆಯ ಕಾಲ. ಅಲ್ಲಿ ಅದು ಬಿಡುಗಡೆಯ ಕಾಲ. ತಿಂಗಳುಗಟ್ಟಲೆ ಹಿಮದಡಿಯಲ್ಲಿ ಮುಚ್ಚಿಕೊಂಡಿದ್ದ ನೆಲ ಒಮ್ಮೆಲೇ ಹಸುರಾಗುತ್ತದೆ. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತರವರೆಗೆ ಸೂರ್ಯ ಮುಳುಗುವುದಿಲ್ಲ. ಜುಲೈ ನಾಲ್ಕರ ಹೊತ್ತಿಗೆ ಮುಸುಕಿನ ಜೋಳ ಮೊಣಕಾಲೆತ್ತರಕ್ಕೆ ಬಂದಿದ್ದರೆ ಬೆಳೆ ಸರಿಯಾಗಿದೆಯೆಂದು ಅಲ್ಲಿಯ ರೈತರ ಹಳೆಯ ಗಾದೆ. ಈಗಿನ ಬೀಜದ ಬೆಳೆ ಆ ದಿನಕ್ಕೆ ಎದೆಯುದ್ದ ನಿಂತಿರುತ್ತದೆ, ಗಾದೆ ಮಾತ್ರ ಮೊಣಕಾಲಿನಲ್ಲೇ ಉಳಿದಿದೆ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ವೃದ್ಧೆಯಿದ್ದರು. ಬಂದ ಎರಡನೆಯ ವಾರವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತಮ್ಮ ಇಗರ್ಜಿಗೆ ಕರೆದೊಯ್ದರು. ಊರಿನಿಂದ ಏಳು ಮೈಲಿ. ಸುತ್ತ ಜೋಳದ ಹೊಲ, ನಡುವೆ ಬಿಳಿಯ ಬಣ್ಣದ ಮರದ ಕಟ್ಟಡ, ಒಂದು ಚೂಪು ಗೋಪುರ, ಮಗ್ಗುಲಲ್ಲಿ ಸಮಾಧಿಗಳ ಸಾಲು. ಕಲ್ಲುಗಳ ಮೇಲಿನ ಹಳೆಯ ಬರಹವೆಲ್ಲ ನಾರ್ವೆಯ ಭಾಷೆಯಲ್ಲಿತ್ತು. 1825ರಲ್ಲಿ ಮೊದಲ ಹಡಗು ನಾರ್ವೆಯ ವಲಸೆಗಾರರನ್ನು ನ್ಯೂಯಾರ್ಕಿಗೆ ಹೊತ್ತು ತಂದಿತು. ಆಮೇಲೆ 1862ರ ಹೋಮ್‌ಸ್ಟೆಡ್ ಶಾಸನದಂತೆ ಉತ್ತು ನೆಲೆಸಿದವರಿಗೆ 160 ಎಕರೆಗಳವರೆಗೆ ಭೂಮಿ ದೊರೆಯುವಂತಾಯಿತು. ಈ ಸಭೆಯನ್ನು ಕಟ್ಟಿದವರು ಹಾಗೆ ಬಂದ ಬಡ ಬೇಸಾಯಗಾರರು. (ಇಂಥ ಒಂದು ಇಗರ್ಜಿಗೆ ಸೇರಿದ ಜನಸಮುದಾಯವನ್ನು ನಮ್ಮ ಮಂಗಳೂರು ಧಾರವಾಡಗಳ ಕ್ರೈಸ್ತರು ‘ಸಭೆ’ಯೆಂದು ಕರೆಯುತ್ತಾರೆ. ಆ ಮಾತನ್ನೇ ಇಲ್ಲಿ ಬಳಸುತ್ತೇನೆ.)

ಒಳಗೆ ಹೋದೊಡನೆ ನಾನು ಕಂಡುದು ವೇದಿಯ ಮೇಲೆ ಹಾಸಿದ್ದ ಹಸುರು ವಸ್ತ್ರ. ಪಾಲಕಿಯ ಹೆಗಲ ಮೇಲಿನ ಪಟ್ಟಿಯೂ ಹಸುರೇ. ಪಾಲಕಿಯೆಂದುದಕ್ಕೆ ವಾಚಕರು ಆಶ್ಚರ್ಯಪಡಬಾರದು. ಎಲ್ಲ ಲೂಥರನ್ ಪಂಗಡಗಳಲ್ಲಿಯೂ ಅಲ್ಲದಿದ್ದರೂ, ಈ ಪಂಗಡದವರಲ್ಲಿ 1970ರಿಂದಲೇ ಸ್ತ್ರೀಯರಿಗೆ ಆ ದೀಕ್ಷೆ ಉಂಟು. ಹಸುರಿನ ಅರ್ಥವೇನೆಂದು ಆಮೇಲೆ ಕೇಳಿದೆ. ಅವರ ವರ್ಷಚಕ್ರದಲ್ಲಿ ಕ್ರಿಸ್ತಜನನದ ಹಬ್ಬಕ್ಕೂ ಈಸ್ಟರಿಗೂ ಬಿಳಿ, ಉಪವಾಸದ ದಿನಗಳಿಗೆ ನೇರಿಳೆ, ಪಂಚಾಶತ್ತಮ ದಿನಕ್ಕೆ ಕೆಂಪು. ಆ ಹಬ್ಬಗಳೆಲ್ಲ ಮುಗಿದ ಮೇಲೆ ಜೂನ್ ಸುಮಾರಿನಿಂದ ನವೆಂಬರಿನವರೆಗೆ, ವರ್ಷದ ಹತ್ತಿರ ಹತ್ತಿರ ಅರ್ಧ ಭಾಗ, ಹಸುರು. ಆ ಅವಧಿಯಲ್ಲಿ ದೊಡ್ಡ ಹಬ್ಬಗಳಿಲ್ಲ. “ಇದು ಏನೂ ನಡೆಯದ ಕಾಲ” ಎಂದು ಪಾಲಕಿ ನಕ್ಕರು. ಏನೂ ನಡೆಯದ ಆ ಕಾಲದಲ್ಲಿ ಎಷ್ಟೆಲ್ಲ ನಡೆಯುತ್ತದೆಂಬುದನ್ನು ನಾನು ಮೂರು ತಿಂಗಳು ನೋಡಿದೆ.

ಜೂನ್‌ನಲ್ಲಿ ಮಕ್ಕಳ ಬೇಸಗೆ ಶಾಲೆ. ಐದು ದಿನ, ಬೆಳಗಿನ ಹೊತ್ತು, ಹಾಡು, ಕಥೆ, ಅಂಟು ಕಾಗದದ ಕೆಲಸ. ಸಭೆಗೆ ಸೇರಿದ ಮಕ್ಕಳು ಆರು ಜನ. ಸುತ್ತಿನ ಹೊಲಗಳಲ್ಲಿ ದುಡಿಯುವ ಮೆಕ್ಸಿಕೋ ಮೂಲದ ಮನೆಗಳಿಂದ ಬಂದವರು ಒಂಬತ್ತು ಜನ. ಅನಂತರ ದೊಡ್ಡ ಹುಡುಗರು ಸರೋವರದ ದಂಡೆಯ ಶಿಬಿರಕ್ಕೆ ಒಂದು ವಾರ ಹೋದರು. ಹತ್ತು ಸಾವಿರಕ್ಕೂ ಮೀರಿ ಸರೋವರಗಳಿರುವ ಆ ರಾಜ್ಯದಲ್ಲಿ ದೋಣಿ ನಡೆಸಲು ಕಲಿಯುವುದೂ 1529ರಲ್ಲಿ ಲೂಥರ್ ಬರೆದ ಸಣ್ಣ ಪ್ರಶ್ನೋತ್ತರಮಾಲೆಯನ್ನು ಕಲಿಯುವುದೂ ಒಟ್ಟೊಟ್ಟಿಗೆ ಸಾಗುತ್ತವೆ. ಸರದಿಯಂತೆ ಸ್ಮಶಾನದ ಹುಲ್ಲು ಕತ್ತರಿಸಬೇಕು. ಗಂಡಸರು ಆ ಕೆಲಸವನ್ನು ತಮ್ಮ ಹೊಲದ ಕೆಲಸಕ್ಕಿಂತ ಹೆಚ್ಚಿನ ಅಚ್ಚುಕಟ್ಟಿನಿಂದ ಮಾಡುತ್ತಾರೆ. ಏಕೆಂದರೆ ನೋಡುವವರು ಅಜ್ಜ ಅಜ್ಜಿಯರು.

ಜುಲೈನ ಒಂದು ಭಾನುವಾರ ಆರಾಧನೆ ಬಯಲಿನಲ್ಲಿ. ಮೇಪಲ್ ಮರದ ನೆರಳಲ್ಲಿ ಮಡಿಸುವ ಕುರ್ಚಿಗಳು, ಬೋಧನೆಯ ನಡುವೆ ಎಲ್ಲೋ ಟ್ರಾಕ್ಟರಿನ ಸದ್ದು. ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರದ ಹೊತ್ತಿನಲ್ಲಿ ನಾನು ನನ್ನ ಕುರ್ಚಿಯಲ್ಲೇ ಕುಳಿತಿದ್ದೆ. ಬನ್ನಿ ಎಂದು ಯಾರೂ ಒತ್ತಾಯಿಸಲಿಲ್ಲ, ಏಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಆದರೆ ಮುಂದಿನ ಊಟದಲ್ಲಿ ಆ ಬಗೆಯ ಸ್ವಾತಂತ್ರ್ಯವಿರಲಿಲ್ಲ. ಪ್ರತಿ ಮನೆಯವರೂ ಒಂದೊಂದು ಪಾತ್ರೆ ತಂದು ಉದ್ದ ಮೇಜಿನ ಮೇಲಿಡುತ್ತಾರೆ. ಇದೇ ಪಾಟ್‌ಲಕ್. ‘ಹಾಟ್‌ಡಿಶ್’ ಎಂದು ಅವರು ಕರೆಯುವ ಒಲೆಯಲ್ಲಿ ಬೇಯಿಸಿದ ಗಟ್ಟಿ ಪಾಕ, ಬಣ್ಣ ಬಣ್ಣದ ಜೆಲ್ಲಿ, ಬೇಯಿಸಿದ ಸಿಹಿ ಜೋಳ, ಕಾಯಿಪಲ್ಯ, ಹಣ್ಣಿನ ಕಡುಬು, ಎಲ್ಲಕ್ಕೂ ಮೇಲೆ ಮುಗಿಯದ ತಿಳಿ ಕಾಫಿ. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಒಗ್ಗರಣೆಯ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಕಣ್ಣೊರೆಸಿಕೊಂಡು, ಮತ್ತೆ ಬಡಿಸಿಕೊಂಡ ಒಬ್ಬ ಮುದುಕನನ್ನು ನಾನು ಮರೆಯಲಾರೆ.

ಆದರೆ ನನ್ನನ್ನು ಆ ಸಭೆಗೆ ಕಟ್ಟಿಹಾಕಿದುದು ಗುರುವಾರದ ಬೆಳಗು. ಇಗರ್ಜಿಯ ನೆಲಮಾಳಿಗೆಯಲ್ಲಿ, ಅಡಿಗೆಮನೆಯ ಪಕ್ಕದಲ್ಲಿ, ಏಳು ಜನ ಹೆಂಗಸರು ಉದ್ದ ಮೇಜುಗಳ ಸುತ್ತ ನಿಂತು ಕೌದಿ ಮಾಡುತ್ತಿದ್ದರು. ಕೌದಿಯೆಂಬ ಮಾತನ್ನು ಉದ್ದೇಶಪೂರ್ವಕವಾಗಿಯೇ ಬಳಸಿದ್ದೇನೆ. ಹಳೆಯ ಪರದೆ, ಅಂಗಿ, ಮೇಜುಬಟ್ಟೆಗಳನ್ನು ಚೌಕ ಚೌಕವಾಗಿ ಕತ್ತರಿಸಿ ಹೊಲಿದು ಮೇಲ್ಪದರ. ನಡುವೆ ಹತ್ತಿಯ ಹಾಸು, ಇಲ್ಲವೆ ಸವೆದ ಕಂಬಳಿ. ಕೆಳಗೆ ಒಂದು ದುಪ್ಪಟಿ. ಮೂರನ್ನೂ ಸೇರಿಸಿ ಅಲ್ಲಲ್ಲಿ ದಪ್ಪ ದಾರ ಎಳೆದು ಗಂಟು ಹಾಕುತ್ತಾರೆ. ಅಳತೆ 60 ಅಂಗುಲಕ್ಕೆ 80. ಸಿದ್ಧವಾದ ಕೌದಿಗಳು 1945ರಲ್ಲಿ, ಯುದ್ಧದಿಂದ ನೊಂದ ಯೂರೋಪಿಗೆ ನೆರವಾಗಲೆಂದು ಹುಟ್ಟಿದ ‘ಲೂಥರನ್ ವರ್ಲ್ಡ್ ರಿಲೀಫ್’ ಎಂಬ ಸಂಸ್ಥೆಯ ಮೂಲಕ, ಭೂಕಂಪವಾದೆಡೆಗೆ, ನಿರಾಶ್ರಿತರ ಶಿಬಿರಗಳಿಗೆ ಹೋಗುತ್ತವೆ. ಇಂಥ ನೆಲಮಾಳಿಗೆಗಳಿಂದ ಲಕ್ಷಗಟ್ಟಲೆ ಕೌದಿಗಳು ಹೀಗೆ ಕಡಲು ದಾಟಿವೆ.

ನನ್ನ ಕೈಗೂ ಸೂಜಿ ಕೊಟ್ಟರು. ನಾನು ಗಂಟು ಹಾಕುವುದನ್ನು ಬಿಟ್ಟು, ಅಭ್ಯಾಸಬಲದಿಂದ, ಸಾಲು ಹೊಲಿಗೆ ಹಾಕತೊಡಗಿದೆ. ಎಲ್ಲರೂ ಕೈಬಿಟ್ಟು ನೋಡಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಕ್ರಮವನ್ನು ಹೇಳಿದೆ. ಉತ್ತರ ಕನ್ನಡದ ಸಿದ್ದಿ ಜನಾಂಗದ ಹೆಂಗಸರು ತಮ್ಮ ಕವಂದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ‘ಫುಲ’ವನ್ನಿಟ್ಟು ಹೊಲಿಯುತ್ತಾರೆಂದೂ, ಅದಿಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆಯೆಂದೂ ಹೇಳಿದೆ. ನೆರೆಯ ವೃದ್ಧೆ ಮರುವಾರ ಒಂದು ಕೌದಿಯ ಮೂಲೆಯನ್ನು ನನ್ನ ಮುಂದೆ ಚಾಚಿ, “ಇದಕ್ಕೆ ಬಟ್ಟೆ ಉಡಿಸಿ” ಎಂದರು.

ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ನನ್ನ ತಾಯಿ ಹೊಲಿದ ಕೌದಿಯೊಂದು ಬಹುಕಾಲ ನನ್ನ ಮನೆಯಲ್ಲಿತ್ತು. ಮನೆ ಬದಲಾಯಿಸಿದ ವರ್ಷ, ಹೊರೆ ಹೆಚ್ಚಾಯಿತೆಂದು, ಹಳೆಯ ಬಟ್ಟೆಗಳ ಗಂಟಿನೊಡನೆ ಅದನ್ನೂ ಪಾತ್ರೆ ಮಾರುವವಳಿಗೆ ಕೊಟ್ಟುಬಿಟ್ಟೆ. ಬದಲಿಗೆ ಬಂದುದು ಒಂದು ಉಕ್ಕಿನ ಡಬ್ಬಿ. ಅಂಥ ಹೊಲಿಗೆಯನ್ನು ಗೌರವದಿಂದ ನೋಡುತ್ತಿದ್ದ ಆ ಹೆಂಗಸರ ನಡುವೆ ಅದನ್ನು ಹೇಳಲು ನಾಲಗೆ ಏಳಲಿಲ್ಲ.

ಈ ಕೆಲಸದಿಂದ ಪುಣ್ಯ ಬರುತ್ತದೆಯೇ ಎಂದು ನಾನು ಪಾಲಕಿಯನ್ನು ಕೇಳಿದುದುಂಟು. ಲೂಥರನ ಜಗಳವೆಲ್ಲ ಆ ಮಾತಿನ ಮೇಲೆಯೇ ನಡೆದುದೆಂದು ಅವರು ವಿವರಿಸಿದರು. ಸತ್ಕಾರ್ಯಗಳಿಂದ ದೇವರ ಕೃಪೆಯನ್ನು ಕೊಳ್ಳಲಾಗದು. ಕೃಪೆ ಬಿಟ್ಟಿಯಾಗಿ ಬರುವುದು. ಹಾಗಿದ್ದ ಮೇಲೆ ಕೆಲಸವೇಕೆ? ನೆರೆಯವನಿಗೆ ಅದು ಬೇಕಾದುದರಿಂದ. ಸನ್ಯಾಸಿಯ ಪ್ರಾರ್ಥನೆಗಿಂತ ರೈತನ, ತೊತ್ತಿನ ದುಡಿಮೆ ಕೀಳಲ್ಲವೆಂದು ಲೂಥರ್ ಬೋಧಿಸಿದ. ಕಾಯಕವೆಂಬ ಮಾತನ್ನು ಹುಟ್ಟಿಸಿದ ನಾಡಿನವಳಿಗೆ ಇದು ದೂರದ ವಿಚಾರವೆನಿಸಲಿಲ್ಲ. ಆದರೆ ಅಲ್ಲಿ ಕಾಯಕವೇ ಕೈಲಾಸ, ಇಲ್ಲಿ ಕೈಲಾಸದ ಚಿಂತೆ ಮೊದಲೇ ತೀರಿದುದರಿಂದ ಕೈಗಳಿಗೆ ಬಿಡುವು. ಈ ವ್ಯತ್ಯಾಸ ಸ್ವಾರಸ್ಯವಾಗಿ ಕಂಡಿತು.

ಸಭೆಯ ಮುಂದಿದ್ದ ಚಿಂತೆ ಬೇರೆ. ಮೂರು ಲೂಥರನ್ ಪಂಗಡಗಳು ಕೂಡಿ 1988ರಲ್ಲಿ ‘ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ’ ಆದಾಗ ಅದರ ಸದಸ್ಯರು ಐವತ್ತು ಲಕ್ಷಕ್ಕೂ ಹೆಚ್ಚು. ಈಗ ಮೂವತ್ತು ಲಕ್ಷಕ್ಕೂ ಕಡಿಮೆ. ಆ ಬಯಲಾರಾಧನೆಯ ದಿನ ನಾನು ಎಣಿಸಿದುದು ಮೂವತ್ತೊಂದು ತಲೆಗಳು, ನನ್ನನ್ನೂ ಸೇರಿಸಿ. ಪಾಲಕಿ ಒಬ್ಬರೇ ಮೂರು ಸಭೆಗಳಿಗೆ ಓಡಾಡುತ್ತಿದ್ದರು. ಚಳಿಗಾಲದಲ್ಲಿ ಆ ಕಟ್ಟಡವನ್ನು ಬಿಸಿಯಾಗಿಡುವ ಖರ್ಚನ್ನು ಕಾಣಿಕೆಯ ತಟ್ಟೆ ತುಂಬಿಕೊಡುತ್ತಿರಲಿಲ್ಲ.

ಒಂದು ಗುರುವಾರ ವೃದ್ಧೆ ನೆಲಮಾಳಿಗೆಯ ಗಾಜಿನ ಬೀರುವನ್ನು ತೆರೆದು ತೋರಿಸಿದರು. ಗೋಥಿಕ್ ಅಕ್ಷರಗಳಲ್ಲಿ ಅಚ್ಚಾದ ನಾರ್ವೆ ಭಾಷೆಯ ಸ್ತೋತ್ರಗ್ರಂಥಗಳು ಅಲ್ಲಿದ್ದವು. ಮೊದಲನೆಯ ಮಹಾಯುದ್ಧದ ಕಾಲದಿಂದ ಮುಂದೆ ಇಂಥ ಸಭೆಗಳು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿದವು. ಅವರ ತಂದೆಯ ಕಾಲದಲ್ಲಿ ಈ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರಂತೆ. “ಮಕ್ಕಳು ಉಳಿಯಲೆಂದು ಭಾಷೆಯನ್ನು ಬಿಟ್ಟೆವು” ಎಂದರು ಅವರು. “ಮಕ್ಕಳು ಹೋದದ್ದು ಭಾಷೆಗಾಗಿ ಅಲ್ಲ. 160 ಎಕರೆಗೆ ಒಂದು ಮನೆಯಿತ್ತು. ಈಗ ಯಂತ್ರಗಳನ್ನಿಟ್ಟುಕೊಂಡು ಒಬ್ಬನೇ ಎರಡು ಸಾವಿರ ಎಕರೆ ಉಳುತ್ತಾನೆ. ಬೆಂಚಿನಲ್ಲಿ ಕೂರುವುದಕ್ಕೆ ಜನ ಎಲ್ಲಿಂದ ಬರಬೇಕು?” ಆ ಮಾತಿನಲ್ಲಿ ಮೊರೆಯಿರಲಿಲ್ಲ, ಲೆಕ್ಕವಿತ್ತು. ಮೊಮ್ಮಗನೊಡನೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಪಡೆಯುತ್ತಿದ್ದ ನಾನು ಆ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತೆ.

ಆಗಸ್ಟಿನಲ್ಲಿ, ಆರಾಧನೆ ಮುಗಿದ ಮೇಲೆ, ಸಭೆಯ ವಿಶೇಷ ಕೂಟ ಸೇರಿತು. ಪ್ರಶ್ನೆ ಸರಳವಾಗಿತ್ತು: ಬಾಗಿಲು ಹಾಕಿ ಊರಿನ ದೊಡ್ಡ ಸಭೆಯೊಡನೆ ಕೂಡುವುದೋ, ಹೀಗೆಯೇ ನಡೆಸುವುದೋ? ನಾನು ಹಿಂದಿನ ಬೆಂಚಿನಲ್ಲಿ ಪ್ರೇಕ್ಷಕಳಾಗಿ ಕುಳಿತಿದ್ದೆ. ಒಬ್ಬ ರೈತ ಸ್ಮಶಾನವನ್ನು ಯಾರು ನೋಡಿಕೊಳ್ಳುವರೆಂದು ಕೇಳಿದ. ಒಬ್ಬಾಕೆ ಕಟ್ಟಡವೇ ಸಭೆಯಲ್ಲವೆಂದು ಹೇಳಿ, ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಮಾತು ಎತ್ತರಿಸಿದವರು ಯಾರೂ ಇಲ್ಲ. ಕೊನೆಗೆ ಒಂದು ನಡುದಾರಿ ಹೊಳೆಯಿತು. ಚಳಿಗಾಲವೆಲ್ಲ ಊರಿನ ಇಗರ್ಜಿಗೆ ಹೋಗುವುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಒಲೆ ಉರಿಸಬೇಕಾದ ಅಗತ್ಯವಿಲ್ಲದ ತಿಂಗಳುಗಳಲ್ಲಿ, ಇಲ್ಲಿಯ ಬಾಗಿಲು ತೆರೆಯುವುದು. ಬಿಳಿಯನ್ನೂ ನೇರಿಳೆಯನ್ನೂ ಬಿಟ್ಟುಕೊಟ್ಟು ಹಸುರನ್ನು ಉಳಿಸಿಕೊಂಡರು. ದೊಡ್ಡ ಹಬ್ಬಗಳು ಎಲ್ಲಿಯಾದರೂ ನಡೆದಾವು. ಜೋಳದ ಹೊಲದ ನಡುವಿನ ದಿನದಿನದ ಬಾಳು ಅಲ್ಲಿ ಮಾತ್ರ ನಡೆಯಬಲ್ಲುದೆಂದು ಅವರಿಗೆ ತೋರಿರಬೇಕು.

ನಾನು ಹೊರಡುವ ಮೊದಲ ಭಾನುವಾರ ಕೌದಿಗಳನ್ನು ಕಳುಹಿಸುವ ದಿನ. ಪೆಟ್ಟಿಗೆಗೆ ತುಂಬುವ ಮೊದಲು ಅವುಗಳ ಮೇಲೆ ಆಶೀರ್ವಚನ ಹೇಳುವ ಪದ್ಧತಿಯಿದೆ. ಬೆಳಗ್ಗೆ ಒಳಗೆ ಕಾಲಿಟ್ಟಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೆಂಚುಗಳ ಬೆನ್ನಿನ ಮೇಲೆಲ್ಲ ಕೌದಿಗಳನ್ನು ಹೊದಿಸಿದ್ದರು. ಬೇಸಗೆಯೆಲ್ಲ ಯಾರೂ ಕೂರದೆ ಉಳಿದಿದ್ದ ಮುಂದಿನ ಸಾಲು, ನಡುವಿನ ಸಾಲು, ಕಿಟಕಿಯ ಪಕ್ಕದ ಸಾಲು, ಯಾವುದೂ ಬರಿದಾಗಿರಲಿಲ್ಲ. ನಾವು ಇಪ್ಪತ್ತೆಂಟು ಮಂದಿ ಆ ಕೌದಿಗಳ ನಡುವೆ ಜಾಗ ಮಾಡಿಕೊಂಡು ಕುಳಿತೆವು.

ನೆರೆಯ ವೃದ್ಧೆ ನನ್ನನ್ನು ಮೂರನೆಯ ಸಾಲಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಕೌದಿಯ ನಾಲ್ಕು ಮೂಲೆಗಳಲ್ಲಿಯೂ ಮಡಿಸಿದ ಬಟ್ಟೆಯ ಫುಲವಿತ್ತು. ಎರಡನ್ನು ನಾನು ಹೊಲಿದಿದ್ದೆ. ಉಳಿದೆರಡನ್ನು, ಸ್ವಲ್ಪ ಸೊಟ್ಟವಾಗಿ, ಅವರು ಹೊಲಿದಿದ್ದರು. ಅದು ಯಾವ ದೇಶದಲ್ಲಿ ಯಾರ ಮೈಮೇಲೆ ಬಿದ್ದಿತೋ ನಮ್ಮಿಬ್ಬರಿಗೂ ತಿಳಿಯುವಂತಿಲ್ಲ. ಮರುವರ್ಷ ಜೂನ್‌ನಲ್ಲಿ ಅವರಿಂದ ಒಂದು ಕಾಗದ ಬಂತು. ಬಾಗಿಲು ತೆರೆದಿದ್ದರಂತೆ, ಹುಲ್ಲು ಬೆಳೆದಿತ್ತಂತೆ, ಗುರುವಾರ ಐದು ಜನ ಸೇರಿದ್ದರಂತೆ. ಎಂದಿನ ಏಳರಲ್ಲಿ ಇಬ್ಬರು ಏಕೆ ಬರಲಿಲ್ಲವೆಂದು ಕಾಗದದಲ್ಲಿ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಆ ವಾರವೇ ನಾನು ಟ್ರಂಕಿನಿಂದ ನಾಲ್ಕು ಹಳೆಯ ಸೀರೆಗಳನ್ನು ಹೊರಗೆ ತೆಗೆದೆ.