ಬಾವಿಯನ್ನು ಕಾಯುವ ಕೆಸರು

ನೆರೆಮನೆಯವರು ಕೊಳವೆ ಬಾವಿ ಕೊರೆಯಿಸುವಾಗ ಏಳುವ ಬಿಳಿಯ ಧೂಳನ್ನು ಕೇಳುಗರೆಲ್ಲರೂ ಕಂಡಿರುವರಷ್ಟೆ. ಕಿಟಕಿ ಮುಚ್ಚಿಕೊಂಡು ನಾವು ಶಪಿಸಿರುವುದೂ ಉಂಟು. ಅಲ್ಲಿ ಕಲ್ಲುಪುಡಿಯನ್ನು ಮೇಲಕ್ಕೆ ತರುವುದು ಒತ್ತಿದ ಗಾಳಿ. ಮೇಲಿನ ಸಡಿಲವಾದ ಮಣ್ಣಿಗೆ ಒಂದು ಕೊಳವೆಯನ್ನು ಇಳಿಸಿದರಾಯಿತು. ಅದರ ಕೆಳಗೆ ಮೈಸೂರು ಸೀಮೆಯ ಗಟ್ಟಿ ಕಲ್ಲು ಸಾಮಾನ್ಯವಾಗಿ ಯಾರ ಆಸರೆಯನ್ನೂ ಬೇಡದೆ ನಿಲ್ಲುತ್ತದೆ. ಆದುದರಿಂದ ಕೊರೆದ ರಂಧ್ರವು ಕುಸಿಯದಂತೆ ಕಾಯುವುದೇ ಒಂದು ಶಾಸ್ತ್ರವೆಂಬುದು ನಮಗೆ ಹೊಳೆಯುವುದಿಲ್ಲ. ಎಣ್ಣೆಯನ್ನು ಅರಸಿ ಮರಳು, ಜೇಡಿಗಲ್ಲುಗಳ ಪದರಗಳಲ್ಲಿ ಇಳಿಯುವವರ ಪಾಡು ಬೇರೆ.

ಅಮೆರಿಕದ ಟೆಕ್ಸಸ್ ಪ್ರಾಂತದ ಬೋಮಾಂಟ್ ಪಟ್ಟಣದ ಬಳಿ ಸ್ಪಿಂಡ್ಲ್‌ಟಾಪ್ ಎಂಬ ದಿಣ್ಣೆಯಿದೆ. ೧೯೦೦ರಲ್ಲಿ ಆಂಟನಿ ಲೂಕಸ್ ಎಂಬ ಎಂಜಿನಿಯರನ ಪರವಾಗಿ ಹ್ಯಾಮಿಲ್ ಸಹೋದರರು ಅಲ್ಲಿ ಕೊರೆಯತೊಡಗಿದಾಗ ಹರಿಯುವ ಮರಳು ಎದುರಾಯಿತು. ಬರಿಯ ನೀರನ್ನು ಹರಿಸಿದರೆ ಮರಳು ಕುಸಿದು ಬಾವಿಯನ್ನೇ ತುಂಬುವುದು. ಆಗ ಅವರು ಹೊಂಡಕ್ಕೆ ದನಗಳನ್ನು ಹೊಡೆದು, ಕೆಸರು ತುಳಿಸಿ, ಆ ಕೆಸರುನೀರನ್ನು ಬಾವಿಯೊಳಗೆ ಹರಿಸಿದರೆಂದು ಪ್ರತೀತಿ. ಗೋಡೆಗೆ ಮಣ್ಣು ತುಳಿಸುವ ನಮ್ಮ ಹಳ್ಳಿಗನಿಗೆ ಈ ಉಪಾಯ ಅಷ್ಟೇನೂ ಹೊಸದೆನಿಸದು. ಮರಳು ನಿಂತಿತು. ೧೯೦೧ನೆಯ ಜನವರಿ ೧೦ರಂದು, ಸಾವಿರ ಅಡಿಗಿಂತ ತುಸು ಹೆಚ್ಚಿನ ಆಳದಿಂದ ಎಣ್ಣೆ ಆಕಾಶಕ್ಕೆ ಚಿಮ್ಮಿತು. ಒಂಬತ್ತು ದಿನ ಅದನ್ನು ತಡೆಯಲಾಗಲಿಲ್ಲ. ಮರಳನ್ನು ನಿಲ್ಲಿಸಿದ ಕೆಸರಿಗೆ ಎಣ್ಣೆಯನ್ನು ಅದುಮುವಷ್ಟು ತೂಕವಿರಲಿಲ್ಲ.

ಕೆಸರು ಮಾಡುವ ಕೆಲಸವೇನು? ಭೂಗರ್ಭದ ಕಲ್ಲು ತನ್ನ ಮೇಲಿನ ಹೊರೆಯನ್ನು ಹೊತ್ತು ನಿಂತಿರುತ್ತದೆ. ಅದರಲ್ಲಿ ರಂಧ್ರ ಮಾಡಿದೊಡನೆ, ತೆಗೆದ ಕಲ್ಲು ಹೊತ್ತಿದ್ದ ಹೊರೆ ಸುತ್ತಲಿನ ಗೋಡೆಯ ಮೇಲೆ ಬೀಳುವುದು; ಗೋಡೆ ಒಳಕ್ಕೆ ಜರಿಯಲು ಹವಣಿಸುವುದು. ರಂಧ್ರದಲ್ಲಿ ತುಂಬಿದ ದ್ರವದ ಒತ್ತಡವು ಅದನ್ನು ಹೊರಕ್ಕೆ ನೂಕಿ ಹಿಡಿಯಬೇಕು. ಬರಿಯ ನೀರಾದರೋ ಮರಳಿನೊಳಕ್ಕೆ ಇಂಗಿಹೋಗುತ್ತದೆ. ಕೆಸರಿನ ನೀರು ಇಂಗುವಾಗ, ಬಟ್ಟೆಯಲ್ಲಿ ಸೋಸಿದ ಕಷಾಯದ ಗಷ್ಟಿನಂತೆ, ಜೇಡಿಯು ಗೋಡೆಗೆ ತೆಳುವಾದ ಪೊರೆಯಾಗಿ ಅಂಟಿಕೊಳ್ಳುವುದು. ಆ ಪೊರೆಯ ಮೇಲೆ ಒತ್ತಡ ಚೆನ್ನಾಗಿ ನಾಟುವುದು. ಬೆಂಟೊನೈಟ್ ಎಂಬ ಜೇಡಿಗೆ ಇನ್ನೊಂದು ಗುಣವುಂಟು. ಕದಡಿದರೆ ಅದರ ಕೆಸರು ಹರಿಯುತ್ತದೆ, ಬಿಟ್ಟರೆ ಆರಿದ ಗಂಜಿಯಂತೆ ಹೆಪ್ಪುಗಟ್ಟುತ್ತದೆ. ಪಂಪು ನಿಂತಾಗ ಕಲ್ಲಿನ ಚೂರುಗಳು ತಳಕ್ಕೆ ಬೀಳದೆ ಅದರಲ್ಲಿ ತೂಗಿಕೊಂಡಿರುತ್ತವೆ. ಕೆಲವು ಜೇಡಿಗಲ್ಲುಗಳು ನೀರು ತಾಕಿದರೆ ಉಬ್ಬಿ ಉದುರುವುದರಿಂದ, ಅಲ್ಲಿ ನೀರಿಗೆ ಬದಲಾಗಿ ಎಣ್ಣೆಯಲ್ಲಿಯೇ ಕೆಸರನ್ನು ಕಲಸುವರು.

ತೂಕ ಹೆಚ್ಚಿಸಲು ಬೆರೆಸುವುದು ಬೆರೈಟ್ ಪುಡಿಯನ್ನು. ಅದು ನೀರಿನ ನಾಲ್ಕು ಪಟ್ಟಿಗೂ ಮಿಕ್ಕಿದ ಭಾರವುಳ್ಳದ್ದು. ನೆರೆಯ ಆಂಧ್ರದ ಮಂಗಂಪೇಟೆಯಲ್ಲಿ ಇದರ ದೊಡ್ಡ ಗಣಿಯಿದೆ. ಹಾಗಾದರೆ ಬೇಕಾದಷ್ಟು ಬೆರೆಸಬಾರದೇಕೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ತೂಕ ಅತಿಯಾದರೆ ಕಲ್ಲೇ ಬಿರಿದು, ಬಿರುಕಿನೊಳಕ್ಕೆ ಕೆಸರು ಹರಿದುಹೋಗುವುದು. ಬಾವಿಯಲ್ಲಿ ಕೆಸರಿನ ಮಟ್ಟ ಇಳಿಯುವುದು, ಗೋಡೆ ಜರಿಯುವುದು, ಕಲ್ಲಿನ ರಂಧ್ರಗಳಲ್ಲಿ ಅಡಗಿದ್ದ ಅನಿಲ ಒಳನುಗ್ಗುವುದು. ಕೆಳಗಿನ ಎಲ್ಲೆ, ಮೇಲಿನ ಎಲ್ಲೆ, ಇವೆರಡರ ನಡುವೆಯೇ ಸಾಗಬೇಕು. ಆಳದಲ್ಲಿ ಕೆಲವೊಮ್ಮೆ ಆ ಓಣಿ ಬಹಳ ಕಿರಿದು.

ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ ಅದು ಎಷ್ಟು ಕಿರಿದಾಯಿತೆಂದರೆ, ಸಮುದ್ರಮಟ್ಟದಿಂದ ೧೮,೦೦೦ ಅಡಿ ದಾಟಿದ ಮೇಲೆ, ಗೊತ್ತುಮಾಡಿದ್ದ ಆಳಕ್ಕೆ ಮೊದಲೇ ಕೊರೆಯುವುದನ್ನು ನಿಲ್ಲಿಸಬೇಕಾಯಿತು. ತಳಕ್ಕೆ ಸಿಮೆಂಟು ಹಾಕಿದರು. ಅದು ಹಿಡಿದಿದೆಯೇ ಎಂಬ ಪರೀಕ್ಷೆಯಲ್ಲಿ ಒತ್ತಡ ಏರಿದ್ದು ಕಂಡುಬಂದಿತು. ಅದಕ್ಕೆ ಬೇರೊಂದು ಕಾರಣವನ್ನು ಕಲ್ಪಿಸಿಕೊಂಡರು. ೨೦೧೦ನೆಯ ಏಪ್ರಿಲ್ ೨೦ರ ರಾತ್ರಿ, ಬಾವಿಯ ಮೇಲ್ಭಾಗದ ಭಾರವಾದ ಕೆಸರನ್ನು ಹೊರದೂಡಿ ಹಗುರವಾದ ಸಮುದ್ರದ ನೀರನ್ನು ತುಂಬುತ್ತಿರುವಾಗಲೇ ಅನಿಲ ಮೇಲೆ ಬಂದಿತು. ಡೀಪ್‌ವಾಟರ್ ಹೊರೈಜನ್ ನೌಕೆಯ ಹನ್ನೊಂದು ಮಂದಿ ಮಡಿದರು. ಎಣ್ಣೆ ೮೭ ದಿನ ಕಡಲಿಗೆ ಹರಿಯಿತು. ಜುಲೈಯಲ್ಲಿ ಬಾವಿಯ ಬಾಯಿಗೆ ಮುಚ್ಚಳ ಬಿದ್ದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ ಅದರೊಳಕ್ಕೆ ಮೊದಲು ತುಂಬಿದ್ದು ಭಾರವಾದ ಕೆಸರನ್ನೇ; ಸಿಮೆಂಟು ಅದರ ತರುವಾಯ.