ಹೂದಾನಿಯ ಎಲೆಗೂ ಆಯುಸ್ಸುಂಟು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಗುಲಾಬಿ, ಜರ್ಬೆರಾಗಳ ಜತೆಗೆ ಎಲೆಯ ಕಟ್ಟುಗಳೂ ಬಂದಿಳಿಯುತ್ತವೆ. ಕರಿಬೇವಿನ ಸಂಬಂಧಿಯಾದ ಕಾಮಿನಿ, ನವಿರು ಎಳೆಗಳ ಆಸ್ಪರಾಗಸ್, ಅರೆಕಾ ಪಾಮ್‌ನ ಗರಿ, ಹಳದಿ ಅಂಚಿನ ಡ್ರಸೀನಾ, ತರತರದ ಜರೀಗಿಡ. ಹೂಗುಚ್ಛಕ್ಕೆ ಮೈತುಂಬಿ ಕೊಡುವುದು, ಮದುವೆ ಮಂಟಪಕ್ಕೆ ಹಸಿರು ಹಾಸುವುದು ಇವೇ. ಆದರೂ ನಮ್ಮ ಕಾಳಜಿಯೆಲ್ಲ ಹೂವಿಗೇ ಮೀಸಲು. ಸರಿಯಾಗಿ ನೋಡಿಕೊಂಡರೆ ಲೆದರ್‌ಲೀಫ್ ಜರೀಗಿಡದ ಎಲೆ ಎರಡು ಮೂರು ವಾರ ನಿಲ್ಲುತ್ತದೆ. ಆ ಆಯುಸ್ಸನ್ನು ಉಳಿಸಿಕೊಡುವ ಕೆಲಸ ಒಂದು ಕುಶಲಕಲೆಯೇ, ಮನೆಯಲ್ಲೇ ಕಲಿಯಬಹುದಾದದ್ದು.

ಕತ್ತರಿಸಿದ ಎಲೆ ಸತ್ತಿರುವುದಿಲ್ಲ. ಅದು ಉಸಿರಾಡುತ್ತದೆ, ಪತ್ರರಂಧ್ರಗಳಿಂದ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತದೆ. ಹೋದಷ್ಟು ನೀರು ಕಾಂಡದಿಂದ ಮೇಲೇರುವವರೆಗೂ ಎಲೆ ನಳನಳಿಸುತ್ತದೆ. ಆ ದಾರಿಗೆ ಅಡ್ಡಿ ಎರಡು. ಕತ್ತರಿಸಿದ ಕ್ಷಣವೇ ನೀರ್ನಾಳಗಳೊಳಗೆ ನುಗ್ಗುವ ಗಾಳಿಯ ಗುಳ್ಳೆ ಒಂದು. ಹೂದಾನಿಯ ನೀರಿನಲ್ಲಿ ಬೆಳೆದು ತುದಿಗೆ ಲೋಳೆಯಂತೆ ಮೆತ್ತಿಕೊಳ್ಳುವ ಬ್ಯಾಕ್ಟೀರಿಯ ಇನ್ನೊಂದು. ಹೂದಾನಿ ತುಂಬ ನೀರಿದ್ದೂ ಎಲೆ ಬಾಡುವುದು ಈ ಕಾರಣಕ್ಕೆ.

ಹಾಗಾಗಿ ಆರೈಕೆ ಕೊಯ್ಲಿನಿಂದಲೇ ಶುರುವಾಗಬೇಕು. ಎಲೆಯಲ್ಲಿ ನೀರು ತುಂಬಿರುವ ಬೆಳಗಿನ ಹೊತ್ತಿನಲ್ಲಿ, ಚೆನ್ನಾಗಿ ಬಲಿತ ಎಲೆಯನ್ನೇ ಕೊಯ್ಯಬೇಕು; ಎಳೆಯದು ಬೇಗ ಜೋಲುತ್ತದೆ. ಮನೆಗೆ ತಂದ ಮೇಲೆ ಕಾಂಡದ ತುದಿಯನ್ನು ನೀರಿನೊಳಗೇ ಹಿಡಿದು, ಹರಿತವಾದ ಚಾಕುವಿನಿಂದ ಎರಡು ಮೂರು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ. ನೀರಿನಲ್ಲಿ ಮುಳುಗುವ ಕೆಳಗಿನ ಎಲೆಗಳನ್ನು ಕಿತ್ತುಬಿಡಿ, ಮೊದಲು ಕೊಳೆಯುವುದು ಅವೇ. ಜರೀಗಿಡದ ಎಲೆಯನ್ನು ಜೋಡಿಸುವ ಮೊದಲು ಸ್ವಲ್ಪ ಹೊತ್ತು ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟರೆ ಚೇತರಿಸಿಕೊಳ್ಳುತ್ತದೆ.

ಇನ್ನು ಸಂರಕ್ಷಕದ ಮಾತು. ಹೂವಿಗೆ ಹೇಳುವ ಸಕ್ಕರೆ ನೀರಿನ ಸೂತ್ರ ಎಲೆಗೆ ಒಗ್ಗುವುದಿಲ್ಲ. ಮೊಗ್ಗು ಅರಳಲು ಶಕ್ತಿ ಬೇಕು, ಅದಕ್ಕೆ ಸಕ್ಕರೆ ಸರಿ. ಬಲಿತ ಎಲೆಯ ಬೆಳವಣಿಗೆ ಮುಗಿದಿರುತ್ತದೆ. ನೀರಿನ ಜತೆ ಏರಿದ ಸಕ್ಕರೆ ಅಂಚಿನಲ್ಲಿ ಶೇಖರವಾಗಿ ಎಲೆಯನ್ನು ಸುಡುತ್ತದೆ, ಬ್ಯಾಕ್ಟೀರಿಯಕ್ಕೂ ಆಹಾರವಾಗುತ್ತದೆ. ಎಲೆಗೆ ಬೇಕಾದದ್ದು ಶುದ್ಧವಾದ, ತುಸು ಹುಳಿಯಾದ ನೀರು. ಹುಳಿ ನೀರು ನಾಳಗಳಲ್ಲಿ ಸಲೀಸಾಗಿ ಏರುತ್ತದೆ, ಅದರಲ್ಲಿ ಬ್ಯಾಕ್ಟೀರಿಯ ಬೆಳೆಯುವುದೂ ನಿಧಾನ. ಲೀಟರ್ ನೀರಿಗೆ ಒಂದು ಟೀ ಚಮಚ ನಿಂಬೆರಸ ಹಾಕಿದರೆ ಸುಮಾರು ಕಾಲು ಗ್ರಾಂ ಸಿಟ್ರಿಕ್ ಆಮ್ಲ ಸಿಗುತ್ತದೆ; ಮನೆಯ ಹೂದಾನಿಗೆ ಅಷ್ಟು ಸಾಕು. ಹೂವು, ಎಲೆ ಎರಡೂ ಇರುವ ಹೂದಾನಿಯಾದರೆ ಸಕ್ಕರೆ ಲೀಟರಿಗೆ 10 ಗ್ರಾಂ ಮೀರದಿರಲಿ. ಬ್ಲೀಚ್ ಬಳಸುವುದಾದರೆ ಹೂದಾನಿ ತೊಳೆಯಲು ಬಳಸಿ, ಆಮೇಲೆ ಚೆನ್ನಾಗಿ ಜಾಲಿಸಿ. ಬ್ಲೀಚನ್ನೂ ನಿಂಬೆರಸವನ್ನೂ ನೇರವಾಗಿ ಬೆರೆಸಲೇಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ದೊಡ್ಡ ವ್ಯಾಪಾರಿಗಳು ಬ್ಯಾಕ್ಟೀರಿಯ ತಡೆಯಲು 8-ಹೈಡ್ರಾಕ್ಸಿಕ್ವಿನೊಲಿನ್ ಸಿಟ್ರೇಟನ್ನೂ ಎಲೆ ಹಳದಿಯಾಗದಂತೆ ಬೆಂಜೈಲ್ ಅಡಿನಿನ್ ಎಂಬ ಸಸ್ಯ ಹಾರ್ಮೋನನ್ನೂ ಬಳಸುತ್ತಾರೆ. ಮನೆಗೆ ಅವುಗಳ ಅಗತ್ಯವಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ತುದಿಯನ್ನು ಮತ್ತೆ ಕತ್ತರಿಸಿದರೆ ಆಯಿತು. ನೀರಿಗೆ ನಾಣ್ಯ ಹಾಕುವ ರೂಢಿಯೂ ಇದೆ. ಇಂದಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ಅದರಿಂದ ಎಲೆಗೆ ಯಾವ ಉಪಕಾರವೂ ಇಲ್ಲ.

ಯಾವ ನೀರು ಎಂಬುದೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಡ್ರಸೀನಾ, ಕಾರ್ಡಿಲೈನ್ ಜಾತಿಗಳಿಗೆ ಫ್ಲೋರೈಡ್ ಆಗದು, ತುದಿ ಕಂದಿ ಒಣಗುತ್ತದೆ. ಅಂಥ ಕಡೆ ಹಿಡಿದಿಟ್ಟ ಮಳೆನೀರೇ ಉತ್ತಮ. ತಂಪಿನ ವಿಷಯದಲ್ಲೂ ಎಲೆಗಳು ಒಂದೇ ತೆರನಲ್ಲ. ಲೆದರ್‌ಲೀಫ್ 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಚೆನ್ನಾಗಿರುತ್ತದೆ. ಉಷ್ಣವಲಯದ ಕಾರ್ಡಿಲೈನ್, ಮಾನ್ಸ್ಟೆರಾಗಳನ್ನು ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುತ್ತವೆ. ಮಾಗಿದ ಬಾಳೆ, ಮಾವಿನ ಹಣ್ಣುಗಳ ಪಕ್ಕದಲ್ಲಂತೂ ಹೂದಾನಿ ಇಡಬಾರದು. ಹಣ್ಣು ಬಿಡುವ ಎಥಿಲಿನ್ ಅನಿಲಕ್ಕೆ ಎಷ್ಟೋ ಎಲೆಗಳು ಹಳದಿಯಾಗಿ ಉದುರುತ್ತವೆ.

ತಿಂಗಳುಗಟ್ಟಲೆ ಉಳಿಯಬೇಕೆಂದರೆ ಗ್ಲಿಸರಿನ್ ವಿಧಾನವಿದೆ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಬೆರೆಸಿ, ನೀಲಗಿರಿಯ ಬಲಿತ ಕೊಂಬೆಗಳನ್ನು ಎರಡು ಮೂರು ವಾರ ಅದರಲ್ಲಿ ನಿಲ್ಲಿಸಬೇಕು. ಎಲೆಯಲ್ಲಿದ್ದ ನೀರಿನ ಜಾಗಕ್ಕೆ ಗ್ಲಿಸರಿನ್ ಬಂದು ಕೂರುತ್ತದೆ. ಬಣ್ಣ ಕಂದುಹಸಿರಿಗೆ ತಿರುಗಿದರೂ ಮುಟ್ಟಿದರೆ ಪುಡಿಯಾಗದ ಮೃದುತ್ವ ಉಳಿಯುತ್ತದೆ.

ಇದು ಗೃಹಾಲಂಕಾರಕ್ಕಷ್ಟೇ ಸೀಮಿತವಾದ ವಿದ್ಯೆಯಲ್ಲ. ಅಮೆರಿಕದ ಫ್ಲೋರಿಡಾದ ಪಿಯರ್ಸನ್ ಎಂಬ ಪುಟ್ಟ ಪಟ್ಟಣ ಓಕ್ ಮರಗಳ ನೆರಳಲ್ಲಿ, ನೆರಳುಪರದೆಯ ಕೆಳಗೆ ಲೆದರ್‌ಲೀಫ್ ಬೆಳೆದೇ ‘ಜಗತ್ತಿನ ಜರೀಗಿಡಗಳ ರಾಜಧಾನಿ’ ಎಂದು ಹೆಸರಾಯಿತು. ನೆರಳು ಬೇಡುವ ಎಲೆಗಿಡಗಳಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲೂ ಜಾಗವಿದೆ. ಬೆಳೆಯಲು ಮುಂದಾಗುವ ರೈತರು ಕೊಯ್ಲಿನ ನಂತರದ ಆರೈಕೆಯನ್ನು ಮೊದಲೇ ಕಲಿಯಬೇಕು, ಏಕೆಂದರೆ ಎಲೆಗೆ ಬೆಲೆ ಸಿಗುವುದು ಅದರ ತಾಜಾತನಕ್ಕೆ. ಮನೆಯವರು ಇಷ್ಟು ನೆನಪಿಟ್ಟರೆ ಸಾಕು: ಶುದ್ಧ ಪಾತ್ರೆ, ಹೊಸ ನೀರು, ಒಂದು ಚಮಚ ನಿಂಬೆರಸ. ಸಕ್ಕರೆ ಬೇಡ.