ಕಡಲ ಕೆಸರು ಕಲ್ಲಾದ ಬಗೆ

ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕೆಂಪಾಗಿ ತುಂಬಿ ಹರಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಆ ಕೆಸರು ಅಳಿವೆಯನ್ನು ದಾಟಿದ ಮೇಲೆ ಏನಾಗುತ್ತದೆಂದು ಯೋಚಿಸಿದ್ದೀರಾ? ಭೂಮಿಯ ಮೇಲಿನ ಪದರಶಿಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂತಹ ಕೆಸರು ಗಟ್ಟಿಯಾಗಿ ಆದವು. ಅವುಗಳಲ್ಲಿ ತೆಳುಹಾಳೆಗಳಂತೆ ಬಿಡಿಸಿಕೊಳ್ಳುವ ಕಲ್ಲಿಗೆ ಶೇಲ್ ಎಂದು ಹೆಸರು.

ಜೇಡಿಮಣ್ಣಿನ ಕಣ ಬಹಳ ಸಣ್ಣದು. ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನಷ್ಟಿರುವ ಒಂಟಿ ಕಣವು ಅಲುಗದ ನೀರಿನಲ್ಲಿ 100 ಮೀಟರು ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆದರೆ ಕಡಲಿನಲ್ಲಿ ಕಣಗಳು ಒಂಟಿಯಾಗಿ ಇಳಿಯುವುದು ಅಪರೂಪ. ಸಿಹಿನೀರಿನಲ್ಲಿ ಅವು ವಿದ್ಯುದಂಶದ ಬಲದಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ಬಲವನ್ನು ಕುಗ್ಗಿಸುತ್ತದೆ. ಆಗ ಕಣಗಳು ಅಂಟಿಕೊಂಡು ಹಿಂಜಿದ ಹತ್ತಿಯಂತಹ ಮುದ್ದೆಗಳಾಗಿ ಬೇಗ ತಳಕ್ಕಿಳಿಯುತ್ತವೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಗಾಜಿನ ಲೋಟಗಳ ನೀರಿನಲ್ಲಿ ಜೇಡಿಮಣ್ಣು ಕದಡಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿಡಿ. ಉಪ್ಪಿನ ನೀರು ಮೊದಲು ತಿಳಿಯಾಗುತ್ತದೆ.

ಕೆಸರುಗಲ್ಲಿನ ನಯವಾದ ಪದರಗಳನ್ನು ಕಂಡರೆ, ಅಲ್ಲಿ ಒಮ್ಮೆ ನಿಶ್ಚಲವಾದ ಆಳಸಮುದ್ರವಿತ್ತೆಂದು ಬಹುಕಾಲ ಹೇಳಲಾಗುತ್ತಿತ್ತು. ನಾನೂ ಹಾಗೆಯೇ ಓದಿದವನು. 2007ರಲ್ಲಿ ಅಮೆರಿಕದ ಯೂರ್ಗನ್ ಶೀಬರ್ ಮತ್ತು ಸಂಗಡಿಗರು ಈ ಮಾತನ್ನು ಪರೀಕ್ಷೆಗೆ ಒಡ್ಡಿದರು. ಪ್ರಯೋಗಶಾಲೆಯ ಕಾಲುವೆಯಲ್ಲಿ ಕೆಸರುನೀರನ್ನು ಸೆಕೆಂಡಿಗೆ ಸುಮಾರು 25 ಸೆಂಟಿಮೀಟರಿನವರೆಗಿನ ವೇಗದಲ್ಲಿ ಹರಿಸಿದರು. ಅದು ಮರಳನ್ನೂ ಸಾಗಿಸಬಲ್ಲ ವೇಗ. ಆದರೂ ಕೆಸರಿನ ಮುದ್ದೆಗಳು ತಳದಲ್ಲಿ ಉರುಳುತ್ತಾ, ಮರಳಿನಂತೆಯೇ ಸಣ್ಣ ಅಲೆದಿಣ್ಣೆಗಳಾಗಿ ಕೂತವು. ಮೇಲಿನ ಭಾರಕ್ಕೆ ಇವು ಚಪ್ಪಟೆಯಾದರೆ ಉಳಿಯುವುದು ಅದೇ ನಯವಾದ ಪದರ!

ಕೆಸರು ರಭಸದಿಂದ ಬಂದುದಕ್ಕೆ ಹಳೆಯ ಸಾಕ್ಷಿಯೂ ಇದೆ. ಕೆನಡಾದ ಬೆಟ್ಟಗಳಲ್ಲಿ 1909ರಲ್ಲಿ ಚಾರ್ಲ್ಸ್ ವಾಲ್ಕಾಟ್ ಕಂಡ ಬರ್ಜೆಸ್ ಶೇಲ್ ಸುಮಾರು 50 ಕೋಟಿ ವರ್ಷ ಹಿಂದಿನ ಕಡಲ ಕೆಸರು. ಅಲ್ಲಿ ಇಳಿಜಾರಿನಲ್ಲಿ ಜಾರಿಬಂದ ಕೆಸರು ಪ್ರಾಣಿಗಳನ್ನು ಒಮ್ಮೆಲೇ ಮುಚ್ಚಿತು. ಆದುದರಿಂದಲೇ ಮೂಳೆಯಾಗಲಿ ಚಿಪ್ಪಾಗಲಿ ಇಲ್ಲದ ಮೆದುಮೈಯ ಜೀವಿಗಳ ಅಚ್ಚೂ ಅಳಿಯದೆ ಉಳಿದಿದೆ.

ಹಾಗಾದರೆ ಎಲ್ಲ ಕೆಸರುಗಲ್ಲೂ ಹರಿವಿನಿಂದಲೇ ಆದುದೆ? ಅಲ್ಲ. ನಿಶ್ಚಲ ನೀರಿನಲ್ಲಿ ಮೆಲ್ಲನೆ ಕೂತ ಕೆಸರೂ ಇದೆ. ಯಾವುದು ಯಾವುದೆಂದು ಪ್ರತಿಯೊಂದು ಕಲ್ಲನ್ನೂ ನೋಡಿಯೇ ನಿರ್ಧರಿಸಬೇಕು. ಪದ್ಯವನ್ನು ಓದದೆ ಅರ್ಥ ಬರೆಯಬೇಡಿರೆಂದು ತರಗತಿಯಲ್ಲಿ ನಾನು ಹೇಳುವುದಿಲ್ಲವೆ? ಕಲ್ಲಿಗೂ ಅದೇ ನಿಯಮ.